ಕ್ರೈಸ್ತ ಪ್ರಾರ್ಥನೆಯಲ್ಲಿ ಮಂತ್ರ: ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಯಾಕೆ, ಹೇಗೆ?

ಧ್ಯಾನ ಕಲಿಸುವ ಆ್ಯಪ್‌ಗಳು ಈಗ ಎಷ್ಟೋ ಜನರ ಫೋನಿನಲ್ಲಿವೆ, ಕ್ರೈಸ್ತ ಧ್ಯಾನದ ಆ್ಯಪ್‌ಗಳೂ ಬಂದಿವೆ. ನಿಮ್ಮದೇ ಒಂದು ಪದ ಆರಿಸಿಕೊಳ್ಳಿ, ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿರಿ ಅಂತ ಯಾರಾದರೂ ಹೇಳಿದ ತಕ್ಷಣ ಬಹಳ ವಿಶ್ವಾಸಿಗಳಿಗೆ ಒಂದು ಅನುಮಾನ ಬರುತ್ತದೆ. ಇದು ನಮ್ಮದಾ, ಬೇರೆ ಎಲ್ಲಿಂದಲೋ ತಂದು ಸೇರಿಸಿದ್ದಾ? ಮಂತ್ರ ಅನ್ನುವ ಮಾತು ಕೇಳಿಯೇ ಕೆಲವರು ದೂರ ಸರಿಯುತ್ತಾರೆ. ಇನ್ನು ಕೆಲವರು ಉತ್ಸಾಹದಿಂದ ಶುರು ಮಾಡಿ, ನಾಲ್ಕು ದಿನ ಆದಮೇಲೆ ಮನಸ್ಸೇ ನಿಲ್ಲಲಿಲ್ಲ, ಇದು ನನ್ನ ಕೈಲಾಗುವ ಕೆಲಸವಲ್ಲ ಅಂತ ಬಿಟ್ಟುಬಿಡುತ್ತಾರೆ.

ಈ ಪದ್ಧತಿಗೆ 1,600 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಮನಸ್ಸು ನಿಲ್ಲುವುದಿಲ್ಲ ಅನ್ನುವ ದೂರೂ ಅಷ್ಟೇ ಹಳೆಯದು. ಅಲೆಯುವ ಮನಸ್ಸು ವಾಪಸ್ ಬರುವುದಕ್ಕೆ ಒಂದು ಜಾಗ ಬೇಕು ಅಂತಲೇ ಈ ಚಿಕ್ಕ ಮಾತು ಹುಟ್ಟಿಕೊಂಡದ್ದು. ಇದೊಂದು ಗೊತ್ತಾದರೆ ಉಳಿದದ್ದೆಲ್ಲ ಸುಲಭವಾಗುತ್ತದೆ.

ಇಲ್ಲಿ ಮಂತ್ರ ಅಂದರೆ ಏನು?

ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಹೇಳುವ ಒಂದು ಪದ, ಇಲ್ಲವೇ ಒಂದು ಉಸಿರಿನಲ್ಲಿ ಮುಗಿಯುವ ವಾಕ್ಯ. ಹೆಚ್ಚಾಗಿ ಅದು ಬೈಬಲ್‌ನಿಂದ ತೆಗೆದದ್ದು. ಕೆಲವರು ಇದನ್ನು ಪ್ರಾರ್ಥನಾ ಪದ ಅನ್ನುತ್ತಾರೆ, ಕೆಲವರು ಪವಿತ್ರ ಪದ ಅನ್ನುತ್ತಾರೆ. ಗುಟ್ಟಾಗಿ ಇಡಬೇಕಾದದ್ದು ಏನೂ ಇಲ್ಲ. ಆ ಶಬ್ದದ ಕಂಪನದಿಂದಲೇ ಏನೋ ನಡೆಯುತ್ತದೆ ಅಂತಲೂ ಕ್ರೈಸ್ತ ಗುರುಗಳು ಸಾಮಾನ್ಯವಾಗಿ ಕಲಿಸುವುದಿಲ್ಲ. ಯಾರನ್ನು ಕರೆಯುತ್ತಿದ್ದೇವೆ ಅನ್ನುವುದರ ಮೇಲೆ ಅದು ನಿಂತಿದೆ.

ನಮಗೆ ಪರಿಚಯವಿರುವ ಪ್ರಾರ್ಥನೆ ಬಹುತೇಕ ಮಾತಿನದ್ದು. ಬೇಡಿಕೆ ಇಡುತ್ತೇವೆ, ಸ್ತುತಿ ಮಾಡುತ್ತೇವೆ, ತಪ್ಪು ಒಪ್ಪಿಕೊಳ್ಳುತ್ತೇವೆ. ಬೈಬಲ್‌ನ ಒಂದು ಭಾಗ ಓದಿ ಅದರ ಬಗ್ಗೆ ಯೋಚಿಸುವುದನ್ನು ಧ್ಯಾನ ಅಂತ ಕರೆಯುವ ರೂಢಿಯೂ ಇದೆ. ಇವೆರಡರಲ್ಲೂ ತಲೆ ಕೆಲಸ ಮಾಡುತ್ತಿರುತ್ತದೆ. ಮೂರನೆಯದೊಂದಿದೆ, ಹೊಸದಾಗಿ ಏನನ್ನೂ ಹೇಳದೆ, ಏನನ್ನೂ ಯೋಚಿಸಲು ಹೋಗದೆ, ದೇವರ ಮುಂದೆ ಸುಮ್ನೆ ಇರುವುದು. ಕೇಳುವುದಕ್ಕೆ ಇದೇ ಎಲ್ಲಕ್ಕಿಂತ ಸುಲಭ, ಆದರೆ ಮಾಡಲು ಕೂತವರಿಗೆ ಎಷ್ಟು ಕಷ್ಟ ಅಂತ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ. ಮಂತ್ರ ಕೆಲಸಕ್ಕೆ ಬರುವುದು ಇಲ್ಲಿ.

ಈಜಿಪ್ಟಿನ ಮರುಭೂಮಿಯಿಂದ ಬಂದ ಒಂದು ಸಾಲು

4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಸಾವಿರಾರು ಜನ ಹೋಗಿ ನೆಲೆಸಿದರು. ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ 'ಎಡೆಬಿಡದೆ ಪ್ರಾರ್ಥನೆ ಮಾಡಿರಿ' ಅನ್ನುವ ಒಂದು ಪುಟ್ಟ ವಾಕ್ಯ ಇದೆ (5:17). ಈ ಜನ ಅದನ್ನು ಇದ್ದಹಾಗೆಯೇ ತೆಗೆದುಕೊಂಡರು. ಎಡೆಬಿಡದೆ ಅಂದರೆ ಎಡೆಬಿಡದೆ. ಆದರೆ ಹೊಟ್ಟೆಪಾಡಿಗೆ ಬುಟ್ಟಿ, ಚಾಪೆ ಹೆಣೆಯಬೇಕು, ಅಡುಗೆ ಆಗಬೇಕು, ನಿದ್ದೆ ಮಾಡಬೇಕು. ಇಡೀ ದಿನ ಉದ್ದುದ್ದ ಪ್ರಾರ್ಥನೆ ಹೇಳುತ್ತಾ ಇವೆಲ್ಲ ಮಾಡಲು ಆಗುತ್ತದಾ? ಅವರು ಕಂಡುಕೊಂಡ ದಾರಿ ಅಂದರೆ ಪ್ರಾರ್ಥನೆಯನ್ನು ಚಿಕ್ಕದು ಮಾಡಿ ಪದೇಪದೇ ಹೇಳುವುದು. ಈಜಿಪ್ಟಿನ ಸಹೋದರರು ಅಡಿಗಡಿಗೆ ಪ್ರಾರ್ಥಿಸುತ್ತಾರೆ, ಆ ಪ್ರಾರ್ಥನೆಗಳು ತೀರಾ ಚಿಕ್ಕವು, ಎಸೆದ ಈಟಿಯ ಹಾಗೆ ಥಟ್ಟನೆ ಹೋಗುವಂಥವು ಅಂತ 5ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ಟಿನ್ ಒಂದು ಪತ್ರದಲ್ಲಿ ಬರೆದಿದ್ದಾನೆ.

ಇದನ್ನು ಹತ್ತಿರದಿಂದ ನೋಡಿ ಬರೆದಿಟ್ಟವನು ಜಾನ್ ಕ್ಯಾಸಿಯನ್ ಅನ್ನುವ ಸನ್ಯಾಸಿ. ಅವನೂ ಅವನ ಗೆಳೆಯ ಜರ್ಮಾನಸನೂ ಸ್ಕೀಟಿಸ್ ಅನ್ನುವ ಮರುಭೂಮಿಯಲ್ಲಿ ಹಿರಿಯರನ್ನು ಹುಡುಕಿಕೊಂಡು ಹೋಗಿ ಪ್ರಶ್ನೆ ಕೇಳುತ್ತಿದ್ದರು. ಆ ಸಂಭಾಷಣೆಗಳಲ್ಲಿ ಹತ್ತನೆಯದು ಅಬ್ಬಾ ಐಸಾಕ್ ಅನ್ನುವ ಹಿರಿಯನ ಜೊತೆ ನಡೆದದ್ದು. ಐಸಾಕ್ ಅವರಿಗೆ ಕೀರ್ತನೆ 70ರ ಮೊದಲ ಸಾಲನ್ನು ಕೊಡುತ್ತಾನೆ: 'ದೇವರೇ, ನನ್ನ ನೆರವಿಗೆ ಬಾ, ಕರ್ತನೇ, ಬೇಗ ಬಂದು ನನಗೆ ಸಹಾಯ ಮಾಡು.' ಇದನ್ನು ಬಿಡಬೇಡಿ, ಕೆಲಸ ಮಾಡುವಾಗಲೂ ಹೇಳಿ, ದಾರಿಯಲ್ಲೂ ಹೇಳಿ, ನಿದ್ದೆ ಬರುವಾಗ ಬಾಯಲ್ಲಿ ಇದೇ ಇರಲಿ, ಎದ್ದಕೂಡಲೇ ಮೊದಲು ಬರುವ ಮಾತೂ ಇದೇ ಆಗಲಿ ಅನ್ನುತ್ತಾನೆ.

ಈ ಒಂದೇ ಸಾಲು ಯಾಕೆ ಸಾಕು ಅಂತ ವಿವರಿಸುವಾಗ ಐಸಾಕ್ ದೊಡ್ಡ ತತ್ವಕ್ಕೆ ಹೋಗುವುದಿಲ್ಲ, ದಿನದ ಪಾಡನ್ನು ಹೇಳುತ್ತಾ ಹೋಗುತ್ತಾನೆ, ಮತ್ತು ಇಡೀ ಪರಂಪರೆಯಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದೇ. ತಿನ್ನುವ ಆಸೆ ಕಾಡುತ್ತಿದೆ, ಆಗ ಈ ಸಾಲು ಹೇಳು. ಓದಲು ಕೂತಿದ್ದೇನೆ, ತಲೆನೋವು ಬಿಡುತ್ತಿಲ್ಲ, ನಿದ್ದೆ ತೂಗಿ ತಲೆ ಪುಸ್ತಕದ ಮೇಲೇ ಬೀಳುತ್ತಿದೆ, ಆಗಲೂ ಇದೇ ಸಾಲು. ಸಿಟ್ಟು ಬಂದಿದೆ, ದುಃಖ ತುಂಬಿದೆ, ಆಗಲೂ ಇದೇ. ಮನಸ್ಸು ಹಗುರಾಗಿದೆ, ದೇವರು ಹತ್ತಿರ ಇದ್ದಾನೆ ಅನಿಸುತ್ತಿದೆ, ಆಗಲೂ ಇದೇ ಹೇಳು, ಯಾಕಂದರೆ ಆ ಸಂತೋಷ ಜಂಬವಾಗಲು ಹೆಚ್ಚು ಹೊತ್ತು ಬೇಡ. ಇಷ್ಟೆಲ್ಲ ಕೇಳಿದಮೇಲೂ ಜರ್ಮಾನಸನ ದೂರು ಏನು ಗೊತ್ತಾ? ಒಂದು ಕೀರ್ತನೆ ಹಿಡಿದರೆ ಮನಸ್ಸು ಇನ್ನೊಂದಕ್ಕೆ ಜಾರುತ್ತದೆ, ಅಲ್ಲಿಂದ ಮತ್ತೊಂದಕ್ಕೆ, ಎಲ್ಲೂ ನಿಲ್ಲುವುದಿಲ್ಲ!

ಐಸಾಕ್ ಕೊಟ್ಟ ಸಾಲು ಇವತ್ತಿಗೂ ಬಳಕೆಯಲ್ಲಿದೆ. ಕ್ಯಾಥೊಲಿಕ್ ಮಠಗಳಲ್ಲಿ ದಿನದ ವೇಳೆವೇಳೆಯ ಪ್ರಾರ್ಥನೆ ಶುರುವಾಗುವುದು ಈ ಸಾಲಿನಿಂದಲೇ.

ಯೇಸುವಿನ ಪ್ರಾರ್ಥನೆ

ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇದೇ ಪದ್ಧತಿ ಬೇರೊಂದು ವಾಕ್ಯದ ಸುತ್ತ ಬೆಳೆಯಿತು: 'ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು.' ಲೂಕನ ಸುವಾರ್ತೆಯ 18ನೇ ಅಧ್ಯಾಯ ತೆರೆದರೆ ಇದರ ಬೇರು ಕಾಣುತ್ತದೆ. ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಳ್ಳುವ ಸುಂಕದವನು 'ದೇವರೇ, ಪಾಪಿಯಾದ ನನ್ನನ್ನು ಕರುಣಿಸು' ಅನ್ನುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ ಯೆರಿಕೋ ಊರಿನ ಹತ್ತಿರ ದಾರಿಬದಿಯ ಕುರುಡನೊಬ್ಬ 'ಯೇಸುವೇ, ನನ್ನನ್ನು ಕರುಣಿಸು' ಅಂತ ಕೂಗುತ್ತಾನೆ. ಜನ ಸುಮ್ಮನಿರು ಅಂತ ಗದರಿಸಿದಷ್ಟೂ ಅವನು ಇನ್ನೂ ಜೋರಾಗಿ ಅದನ್ನೇ ಕೂಗುತ್ತಾನೆ.

7ನೇ ಶತಮಾನದ ಹೊತ್ತಿಗೆ ಸೀನಾಯಿ ಬೆಟ್ಟದ ಮಠದಲ್ಲಿದ್ದ ಜಾನ್ ಕ್ಲಿಮಾಕಸ್, ಯೇಸುವಿನ ನೆನಪು ನಿನ್ನ ಉಸಿರಿನ ಜೊತೆ ಸೇರಿಕೊಳ್ಳಲಿ ಅಂತ ಬರೆದ. ಮುಂದೆ ಗ್ರೀಸಿನ ಆಥೋಸ್ ಬೆಟ್ಟದ ಸನ್ಯಾಸಿಗಳು ಇದನ್ನೇ ಬದುಕಾಗಿಸಿಕೊಂಡರು. ಗಲ್ಲವನ್ನು ಎದೆಗೆ ಒತ್ತಿ, ಬಾಗಿ ಕೂತು, ಉಸಿರನ್ನು ಗಮನಿಸುತ್ತಾ ಅವರು ಈ ವಾಕ್ಯ ಹೇಳುತ್ತಿದ್ದದ್ದನ್ನು ನೋಡಿ 14ನೇ ಶತಮಾನದಲ್ಲಿ ಬಾರ್ಲಾಮ್ ಅನ್ನುವ ವಿದ್ವಾಂಸ, ಇವರ ಆತ್ಮ ಹೊಕ್ಕುಳಲ್ಲಿದೆ ಅಂತ ಹೀಯಾಳಿಸಿದ. ದೊಡ್ಡ ಜಗಳವೇ ಆಯಿತು. ಆಥೋಸ್‌ನ ಸನ್ಯಾಸಿಯೇ ಆಗಿದ್ದ ಗ್ರೆಗರಿ ಪಾಲಮಾಸ್ ಅವರ ಪರವಾಗಿ ವಾದಿಸಿದ, ದೇಹವನ್ನೂ ದೇವರೇ ಕೊಟ್ಟದ್ದು, ಪ್ರಾರ್ಥನೆಯಲ್ಲಿ ಅದಕ್ಕೂ ಪಾಲಿದೆ ಅಂದ. 1341 ಮತ್ತು 1351ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆಗಳು ಅವನ ಪಕ್ಷವನ್ನೇ ಹಿಡಿದವು. 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ 'ಫಿಲೊಕಾಲಿಯಾ' ಅನ್ನುವ ದೊಡ್ಡ ಸಂಗ್ರಹದಿಂದ ಈ ಬರಹಗಳು ಮಠದ ಹೊರಗೂ ಹೋದವು.

19ನೇ ಶತಮಾನದ ಒಂದು ರಷ್ಯನ್ ಪುಸ್ತಕದಲ್ಲಿ, ಎಡೆಬಿಡದೆ ಪ್ರಾರ್ಥಿಸುವುದು ಹೇಗೆ ಅಂತ ಕೇಳಿಕೊಂಡು ಊರೂರು ಅಲೆಯುವ ಯಾತ್ರಿಕನಿಗೆ ಒಬ್ಬ ಹಿರಿಯ ಸನ್ಯಾಸಿ ಲೆಕ್ಕ ಕೊಡುತ್ತಾನೆ. ಮೊದಲು ದಿನಕ್ಕೆ 3,000 ಸಲ, ಆಮೇಲೆ 6,000, ಆಮೇಲೆ 12,000. ಯಾತ್ರಿಕನ ನಾಲಿಗೆ ದಣಿಯುತ್ತದೆ, ಮಣಿ ಎಣಿಸಿ ಎಣಿಸಿ ಎಡಗೈ ಹೆಬ್ಬೆರಳು ನೋಯುತ್ತದೆ. ಇದನ್ನು ಓದಿ ನಾನೂ ಅಷ್ಟು ಮಾಡಬೇಕು ಅಂದುಕೊಳ್ಳುವವರಿದ್ದಾರೆ. ಆದರೆ ಆ ಲೆಕ್ಕವನ್ನು ಒಬ್ಬ ಗುರು ಒಬ್ಬ ಶಿಷ್ಯನನ್ನು ನೋಡಿ ಕೊಟ್ಟದ್ದು. ಆರ್ಥೊಡಾಕ್ಸ್ ಗುರುಗಳು, ಮುಖ್ಯವಾಗಿ ಉಸಿರಿನ ವಿಷಯದಲ್ಲಿ, ಮಾರ್ಗದರ್ಶಿ ಇಲ್ಲದೆ ಹಟ ಹಿಡಿದು ಮಾಡಬೇಡಿ ಅಂತಲೇ ಹೇಳುತ್ತಾರೆ.

ನಮ್ಮ ಕಾಲಕ್ಕೆ ಬಂದದ್ದು ಹೇಗೆ?

ಪಶ್ಚಿಮದಲ್ಲಿ ಈ ಪದ್ಧತಿ ಪೂರ್ತಿ ಸತ್ತಿರಲಿಲ್ಲ. 14ನೇ ಶತಮಾನದ ಇಂಗ್ಲೆಂಡಿನ ಒಬ್ಬ ಅನಾಮಧೇಯ ಬರಹಗಾರ, ಆದಷ್ಟು ಚಿಕ್ಕ ಪದ ಹಿಡಿ, ಅದನ್ನು ಎದೆಗೆ ಬಿಗಿಯಾಗಿ ಕಟ್ಟಿಕೋ ಅಂತ ಕಲಿಸಿದ್ದ. ಆದರೆ ಸಾಮಾನ್ಯ ಜನಕ್ಕೆ ಇದು ಮತ್ತೆ ಸಿಕ್ಕಿದ್ದು 1970ರ ದಶಕದಲ್ಲಿ, ಮುಖ್ಯವಾಗಿ ಎರಡು ಕಡೆಯಿಂದ.

ಮೊದಲನೆಯದು ಜಾನ್ ಮೇನ್ (1926–1982) ಅವರ ದಾರಿ. 1950ರ ದಶಕದಲ್ಲಿ ಅವರು ಮಲಯಾದಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿದ್ದರು. ಅಲ್ಲಿ ಸ್ವಾಮಿ ಸತ್ಯಾನಂದ ಅನ್ನುವವರು ಅವರಿಗೆ ಮಂತ್ರ ಹಿಡಿದು ಧ್ಯಾನ ಮಾಡುವುದನ್ನು ಹೇಳಿಕೊಟ್ಟರು, ನೀವು ಕ್ರೈಸ್ತರು, ಹಾಗಾಗಿ ಕ್ರೈಸ್ತ ಪದವನ್ನೇ ಹಿಡಿಯಿರಿ ಅಂದರು. 1959ರಲ್ಲಿ ಮೇನ್ ಲಂಡನ್ನಿನ ಈಲಿಂಗ್ ಮಠ ಸೇರಿದಾಗ ಅಲ್ಲಿನ ಗುರು ಇದು ಕ್ರೈಸ್ತ ಪದ್ಧತಿಯಲ್ಲ, ಬಿಡಿ ಅಂದರು. ಮೇನ್ ಬಿಟ್ಟರು. ವರ್ಷಗಟ್ಟಲೆ ಆದಮೇಲೆ ಕ್ಯಾಸಿಯನ್ ಬರೆದ ಆ ಹತ್ತನೆಯ ಸಂಭಾಷಣೆ ಅವರ ಕೈಗೆ ಬಂತು. ಬಿಟ್ಟ ಅಭ್ಯಾಸ ತಮ್ಮದೇ ಪರಂಪರೆಯ ಒಳಗಿತ್ತು! 1975ರಲ್ಲಿ ಈಲಿಂಗ್‌ನಲ್ಲೇ ಅವರು ಧ್ಯಾನದ ಗುಂಪು ಶುರು ಮಾಡಿದರು, 1977ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಹೋದರು. ಅವರು ಹೇಳಿಕೊಡುತ್ತಿದ್ದ ಪದ 'ಮಾರನಾಥ'. ಯೇಸು ಮಾತಾಡುತ್ತಿದ್ದ ಅರಾಮಿಕ್ ಭಾಷೆಯದು, 'ನಮ್ಮ ಕರ್ತನೇ, ಬಾ' ಅಂತ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಬರುತ್ತದೆ.

ಎರಡನೆಯದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಅನ್ನುವಲ್ಲಿರುವ ಸೇಂಟ್ ಜೋಸೆಫ್ ಮಠದಿಂದ ಬಂದದ್ದು. ವಿಲಿಯಂ ಮೆನಿಂಜರ್, ಬೇಸಿಲ್ ಪೆನ್ನಿಂಗ್ಟನ್, ಥಾಮಸ್ ಕೀಟಿಂಗ್ ಅನ್ನುವ ಮೂವರು ಸನ್ಯಾಸಿಗಳು ಸೇರಿ ಬೆಳೆಸಿದ ಇದಕ್ಕೆ ಸೆಂಟರಿಂಗ್ ಪ್ರೇಯರ್ ಅಂತ ಹೆಸರು.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ದಿನಕ್ಕೆ ಎರಡು ಸಲ, 20 ನಿಮಿಷದಿಂದ ಅರ್ಧ ಗಂಟೆ ಕೂರುವುದು. ಆದರೆ ಒಳಗೆ ಒಂದು ವ್ಯತ್ಯಾಸ ಇದೆ, ಶುರು ಮಾಡುವವರಿಗೆ ತುಂಬ ಗೊಂದಲವಾಗುವುದು ಇಲ್ಲೇ. ಮೇನ್ ಪದ್ಧತಿಯಲ್ಲಿ ಕೂತಾಗಿನಿಂದ ಏಳುವವರೆಗೂ ಪದವನ್ನು ನಿಲ್ಲಿಸದೆ ಹೇಳುತ್ತಿರಬೇಕು, ಮನಸ್ಸು ಶಾಂತವಾಯಿತು ಅಂತ ಬಿಡುವ ಹಾಗಿಲ್ಲ. ಸೆಂಟರಿಂಗ್ ಪ್ರೇಯರ್‌ನಲ್ಲಿ ಪದವನ್ನು ಎಳೆಯುತ್ತಾ ಹೋಗುವುದಿಲ್ಲ. ಯಾವುದೋ ಯೋಚನೆಯಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಗೊತ್ತಾದಾಗ ಮಾತ್ರ ಮೆಲ್ಲಗೆ ಅದರ ಕಡೆ ಬರುವುದು. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಇರುತ್ತದಲ್ಲ, ಹಾಗೆ. ಒಬ್ಬರು ಕೆಳಗೆ ಹೋಗುವವರೆಗೂ ಅದರ ಮೇಲಿನ ಕೈ ತೆಗೆಯುವುದಿಲ್ಲ, ಇನ್ನೊಬ್ಬರು ಕಾಲು ತಡವರಿಸಿದಾಗ ಹಿಡಿಯುತ್ತಾರೆ. ಯಾವುದನ್ನು ಆರಿಸಿದರೂ ಸರಿ, ಒಂದೇ ಸಲ ಎರಡನ್ನೂ ಬೆರೆಸಬೇಡಿ.

ಕೂತಾಗ ಆಗುವುದೇನು?

ಬೆನ್ನು ನೇರ ಮಾಡಿ ಕುರ್ಚಿಯಲ್ಲಿ ಕೂತಿದ್ದೀರಿ, ಕಣ್ಣು ಮುಚ್ಚಿದ್ದೀರಿ. ಮಾ-ರ-ನಾ-ಥ. ತುಟಿ ಆಡಿಸದೆ, ಒಳಗೇ, ನಾಲ್ಕೂ ಅಕ್ಷರ ಸಮನಾಗಿ. ಐದಾರು ಸಲ ಚೆನ್ನಾಗಿ ಹೋಗುತ್ತದೆ. ಆಮೇಲೆ ಪದ ಒಂದು ಕಡೆ ತಾನಾಗಿ ಓಡುತ್ತಿರುತ್ತದೆ, ಅದರ ಕೆಳಗೆ ಬೆಳಿಗ್ಗೆ ಬಂದ ಒಂದು ಮೆಸೇಜ್ ನೆನಪಾಗುತ್ತದೆ. ಅವರು ಯಾಕೆ ಹಾಗೆ ಬರೆದರು? ನಾನು ಹೀಗೆ ಉತ್ತರ ಕೊಡಬೇಕಿತ್ತು. ಉತ್ತರ ಸಿದ್ಧವಾಗುತ್ತದೆ, ಅದಕ್ಕೆ ಅವರು ಏನನ್ನುತ್ತಾರೆ ಅನ್ನುವುದೂ ಸಿದ್ಧವಾಗುತ್ತದೆ, ಪದ ಎಲ್ಲೋ ನಿಂತುಹೋಗಿದೆ, ನಿಂತದ್ದು ಗೊತ್ತೇ ಆಗಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎಚ್ಚರವಾಗುತ್ತದೆ, ಅರೆ, ನಾನು ಪ್ರಾರ್ಥನೆಗೆ ಕೂತಿದ್ದೆ ಅಲ್ವಾ ಅಂತ.

ಈ ಎಚ್ಚರದ ಕ್ಷಣದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದೇ ಮುಖ್ಯ. ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಆ ಬೈಗುಳವೂ ಇನ್ನೊಂದು ಯೋಚನೆಯೇ, ಅದರ ಹಿಂದೆ ಮತ್ತೆ ಎರಡು ನಿಮಿಷ ಹೋಗುತ್ತದೆ. ಈ ದಾರಿಯ ಗುರುಗಳು ಒಂದೇ ಧ್ವನಿಯಲ್ಲಿ ಹೇಳುವುದು ಇಷ್ಟು: ಯೋಚನೆಯ ಜೊತೆ ಗುದ್ದಾಡಬೇಡಿ, ಎಷ್ಟು ಹೊತ್ತು ಹೋಯಿತು ಅಂತ ಲೆಕ್ಕ ಹಾಕಬೇಡಿ, ಸುಮ್ನೆ ಪದಕ್ಕೆ ವಾಪಸ್ ಬನ್ನಿ. 20 ನಿಮಿಷದಲ್ಲಿ ಐವತ್ತು ಸಲ ಹೀಗೆ ವಾಪಸ್ ಬಂದಿದ್ದರೆ ಐವತ್ತು ಸಲ ದೇವರ ಕಡೆ ತಿರುಗಿದ್ದೀರಿ ಅಂತ ಅರ್ಥ. ಮನಸ್ಸು ನಿಲ್ಲಲಿಲ್ಲ ಅಂತ ಬಿಟ್ಟವರು ತಮಗೆ ಆಗುತ್ತಿಲ್ಲ ಅಂದುಕೊಂಡ ಕೆಲಸವನ್ನೇ ಮಾಡುತ್ತಿದ್ದರು.

ಹೇಳಿದ್ದನ್ನೇ ಹೇಳಬೇಡಿ ಅಂತ ಯೇಸುವೇ ಹೇಳಿಲ್ವಾ?

ಹೇಳಿದ್ದಾನೆ. ಮತ್ತಾಯ 6:7ರಲ್ಲಿ, ಪ್ರಾರ್ಥಿಸುವಾಗ ಅನ್ಯಜನರ ಹಾಗೆ ಹೇಳಿದ್ದನ್ನೇ ಹೇಳಬೇಡಿ, ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಅಂತ ಅವರು ನೆನಸುತ್ತಾರೆ ಅನ್ನುವ ಎಚ್ಚರಿಕೆ ಇದೆ. ಹಲವು ಪ್ರೊಟೆಸ್ಟೆಂಟ್ ಸಭೆಗಳು ಮಂತ್ರದ ಪ್ರಾರ್ಥನೆಯನ್ನು ಒಪ್ಪದೇ ಇರುವುದಕ್ಕೆ ಈ ವಚನವೇ ಮುಖ್ಯ ಕಾರಣ.

ಒಪ್ಪುವವರು ಅದೇ ವಚನದ ಎರಡನೆಯ ಅರ್ಧವನ್ನು ತೋರಿಸುತ್ತಾರೆ. ಮಾತು ಹೆಚ್ಚಿಸಿ ದೇವರನ್ನು ಮಣಿಸಬಹುದು ಅನ್ನುವ ನಂಬಿಕೆಯನ್ನು ಯೇಸು ತಳ್ಳಿಹಾಕುತ್ತಿದ್ದಾನೆ ಅನ್ನುವುದು ಅವರ ಓದು. ಗೆತ್ಸೆಮನೆ ತೋಟದಲ್ಲಿ ಯೇಸುವೇ ಮೂರನೆಯ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ ಅಂತ ಮತ್ತಾಯ 26:44 ಹೇಳುತ್ತದೆ. 136ನೇ ಕೀರ್ತನೆಯ 26 ವಚನಗಳಲ್ಲಿ ಪ್ರತಿಯೊಂದೂ ದೇವರ ಕೃಪೆ ಶಾಶ್ವತ ಅನ್ನುವ ಒಂದೇ ಮಾತಿಗೆ ಬಂದು ಮುಗಿಯುತ್ತದೆ. ಪ್ರಕಟನೆ 4:8ರಲ್ಲಿ ನಾಲ್ಕು ಜೀವಿಗಳು ಹಗಲಿರುಳು 'ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು' ಅನ್ನುತ್ತವೆ.

ಇನ್ನೊಂದು ಆಕ್ಷೇಪ ಬೇರೆ ಧರ್ಮದ ತಂತ್ರ ಸೇರಿಕೊಂಡಿದೆ ಅನ್ನುವುದು, ಮನಸ್ಸನ್ನು ಖಾಲಿ ಮಾಡುವುದು ಅಪಾಯ ಅನ್ನುವುದು. ಈ ಪ್ರಶ್ನೆಯ ಬಗ್ಗೆ ವ್ಯಾಟಿಕನ್ 1989ರ ಅಕ್ಟೋಬರ್‌ನಲ್ಲಿ ಒಂದು ಪತ್ರ ಹೊರಡಿಸಿತು. ಅದಕ್ಕೆ ಸಹಿ ಹಾಕಿದವರು ಮುಂದೆ 16ನೇ ಬೆನೆಡಿಕ್ಟ್ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್. ಪತ್ರ ಇಂಥ ಪದ್ಧತಿಗಳನ್ನು ಪೂರ್ತಿ ನಿಷೇಧಿಸಲಿಲ್ಲ, ಆದರೆ ಧ್ಯಾನದಲ್ಲಿ ದೇಹಕ್ಕೆ ಸಿಗುವ ಹಿತವನ್ನು ಪವಿತ್ರಾತ್ಮನ ಸಾಂತ್ವನ ಅಂತ ತಪ್ಪು ತಿಳಿಯಬೇಡಿ, ಪ್ರಾರ್ಥನೆ ಅಂದರೆ ದೇವರ ಜೊತೆಗಿನ ಸಂಬಂಧ, ತಂತ್ರ ಅದರ ಜಾಗಕ್ಕೆ ಬರಬಾರದು ಅಂತ ಖಡಕ್ಕಾಗಿ ಎಚ್ಚರಿಸಿತು. ನನ್ನ ಮಟ್ಟಿಗೆ ಇದು ಒಪ್ಪಬೇಕಾದ ಎಚ್ಚರಿಕೆ, ಮಂತ್ರ ಹಿಡಿದವರೇ ಎಲ್ಲರಿಗಿಂತ ಮೊದಲು ಒಪ್ಪಬೇಕು.

ದೇಹಕ್ಕೆ ಸಿಗುವ ಹಿತ ಎಲ್ಲಿಂದ?

ಅದಕ್ಕೆ ಸರಳವಾದ ವಿವರಣೆ ಇದೆ. 2001ರಲ್ಲಿ ಇಟಲಿಯ ಸಂಶೋಧಕರ ತಂಡ 23 ಜನರನ್ನು ಪರೀಕ್ಷಿಸಿತು. ಲ್ಯಾಟಿನ್ ಭಾಷೆಯಲ್ಲಿ ಜಪಸರದ ಪ್ರಾರ್ಥನೆ ಹೇಳಿದಾಗಲೂ, ಒಂದು ಯೋಗ ಮಂತ್ರ ಹೇಳಿದಾಗಲೂ ಅವರ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಆ ವೇಗದಲ್ಲಿ ಉಸಿರು, ಹೃದಯದ ಬಡಿತ, ರಕ್ತದೊತ್ತಡ ಒಂದೇ ಲಯಕ್ಕೆ ಬರುತ್ತವೆ. ಮಾತಿನ ಉದ್ದವೇ ಉಸಿರನ್ನು ನಿಧಾನ ಮಾಡುತ್ತದೆ. ಇದು ಯಾವ ನಂಬಿಕೆಯವರಿಗೂ ಆಗುವಂಥದ್ದು, ಹಾಗಾಗಿ ಇದನ್ನು ಪ್ರಾರ್ಥನೆಯ ಅಳತೆಗೋಲು ಮಾಡಿಕೊಳ್ಳಬಾರದು.

ಪದ ಆರಿಸುವುದು

ನಿಮ್ಮನ್ನು ಮೊದಲೇ ಹಿಡಿದಿಟ್ಟಿರುವ ವಚನದಿಂದ ಶುರು ಮಾಡಿ. ತೋಮನ 'ನನ್ನ ಕರ್ತನೇ, ನನ್ನ ದೇವರೇ' ಆಗಬಹುದು, ಗೆತ್ಸೆಮನೆಯಲ್ಲಿ ಯೇಸು ಕರೆದ 'ಅಬ್ಬಾ, ತಂದೆಯೇ' ಆಗಬಹುದು, 'ಯೇಸುವೇ, ಕರುಣಿಸು' ಆಗಬಹುದು. ಚಿಕ್ಕದಾಗಿರಲಿ, ಒಂದು ಉಸಿರಿಗೆ ಮುಗಿಯಲಿ. ದಿನವಿಡೀ ಕೆಲಸದ ನಡುವೆ ಹೇಳುವುದಕ್ಕೆ ಅರ್ಥ ತುಂಬಿದ ವಾಕ್ಯ ಚೆನ್ನ, ಐಸಾಕ್ ಕೊಟ್ಟಂಥದ್ದು. ಮೌನವಾಗಿ ಕೂರುವುದಕ್ಕೆ ಜಾಸ್ತಿ ಯೋಚನೆ ಎಬ್ಬಿಸದ ಒಂದೇ ಪದ ಒಳ್ಳೆಯದು. ಯಾರದೋ ಹೆಸರು, ಯಾವುದೋ ಗಾಯ ನೆನಪಿಸುವ ಪದ ಬೇಡ.

ಆರಿಸಿದಮೇಲೆ ಬದಲಾಯಿಸಬೇಡಿ, ಕೂತ ನಡುವೆಯಂತೂ ಬೇಡವೇ ಬೇಡ. ಕೆಲವು ವಾರದಲ್ಲಿ ಆ ಪದ ಸಪ್ಪೆಯಾಗುತ್ತದೆ, ಬೇರೆ ಪದ ಇನ್ನೂ ಚೆನ್ನಾಗಿರಬಹುದು ಅನಿಸುತ್ತದೆ. ಬಹಳ ಸಲ ಅದೂ ಮನಸ್ಸು ಅಲೆಯುವ ಇನ್ನೊಂದು ರೀತಿ ಅಷ್ಟೇ. ಹೊಸದರಲ್ಲಿ ಹತ್ತು ನಿಮಿಷ ಸಾಕು. ಮುಗಿದಾಗ ತಟ್ಟನೆ ಎದ್ದು ಓಡದೆ, ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಏಳುವುದು ಒಳ್ಳೆಯ ರೂಢಿ.

ಯಾರು ಎಚ್ಚರವಾಗಿರಬೇಕು?

ಎಣಿಕೆ ತಪ್ಪಿದರೆ ಏನೋ ಕೆಟ್ಟದಾಗುತ್ತದೆ ಅನ್ನುವ ಭಯ ಶುರುವಾದರೆ, ಸರಿಯಾಗಿ ಹೇಳಲಿಲ್ಲ ಅಂತ ಮತ್ತೆ ಮತ್ತೆ ಮೊದಲಿನಿಂದ ಹೇಳಬೇಕು ಅನಿಸಿದರೆ, ಅಲ್ಲಿಗೇ ನಿಲ್ಲಿಸಿ. ಗೀಳಿನ ತೊಂದರೆ ಇರುವವರಿಗೆ ಎಣಿಸುವ ಪ್ರಾರ್ಥನೆ ಹೊರೆಯಾಗಬಹುದು. ಉದ್ದ ಮೌನದಲ್ಲಿ ಕೆಲವರಿಗೆ ಹಳೆಯ ದುಃಖ, ಆಘಾತ ಮೇಲೆ ಬರುತ್ತವೆ. ಸ್ವಲ್ಪ ಅಳು ಬಂದು ಹಗುರಾಗುವುದು ಬೇರೆ, ನಿದ್ದೆ ಕೆಟ್ಟು ದಿನವಿಡೀ ಅದೇ ಕಾಡುವುದು ಬೇರೆ. ಎರಡನೆಯದಾದರೆ ಕೂರುವ ಸಮಯ ಕಡಿಮೆ ಮಾಡಿ, ಇಲ್ಲವೇ ಬಿಟ್ಟು, ನಂಬುವ ಗುರುಗಳ ಹತ್ತಿರವೂ ಮಾನಸಿಕ ಆರೋಗ್ಯದ ವೈದ್ಯರ ಹತ್ತಿರವೂ ಮಾತಾಡಿ. ಆ ದಿನಗಳಲ್ಲಿ ಕೀರ್ತನೆಯೊಂದನ್ನು ಬಾಯಿಬಿಟ್ಟು ಓದುವುದು, ಇನ್ನೊಬ್ಬರ ಜೊತೆ ಕೂತು ಪ್ರಾರ್ಥಿಸುವುದು ಒಬ್ಬರೇ ಮೌನವಾಗಿ ಕೂರುವುದಕ್ಕಿಂತ ಹೆಚ್ಚು ಆಸರೆ ಕೊಡುತ್ತದೆ.